ಗಾಜಿನೂರಿನ ಊಟ

ಎಲೆಕ್ಟ್ರಾನಿಕ್ ಸಿಟಿ ನೋಡಿಕೊಂಡು ಪುಟ್ಟಮಾದಪ್ಪ ಮಾರನೆಯ ಬೆಳಿಗ್ಗೆ ಮಧುವನಹಳ್ಳಿಗೆ ಬಂದಿಳಿದ. ಮಗಳು ಶೃತಿ ಕಾಲಿಗೆ ನೀರು ಕೊಟ್ಟು ಬಾಗಿಲ ಮರೆಗೆ ಸರಿದಳು. ಅವನು ಹೋಗಿದ್ದು ಅವಳಿಗೆ ಗೊತ್ತುಮಾಡುವ ಗಂಡಿನ ಕೆಲಸ ನೋಡಲು. ಆದರೂ ಮಾತೆಲ್ಲ ಅಜ್ಜಿ ಶಂಕರಮ್ಮನ ಜೊತೆಗೇ.

ಗಂಡು ಯಳಂದೂರಿನ ಷಡಕ್ಷರಿ. ಹೆಣ್ಣು ನೋಡಲು ಬಂದ ದಿನ ಶೃತಿ ಮಾಡಿದ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿತ್ತು. ಅವನು ಏನೂ ಹೇಳದೆ ತಟ್ಟೆ ಖಾಲಿ ಮಾಡಿ, ಎರಡು ಲೋಟ ನೀರು ಕುಡಿದು, ಅವಳತ್ತ ನೋಡಿ ಸಣ್ಣಗೆ ನಕ್ಕಿದ್ದ. ಅಂದಿನಿಂದ ಅವಳ ಮನಸ್ಸು ಅವನ ಮೇಲೇ ಇತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ಒಪ್ಪಿಗೆಯಾಗುವ ತನಕ ಹೆಣ್ಣಿನ ಮನೆಯವರು ಗಂಡಿನ ಕಡೆಯ ಅನ್ನ ಮುಟ್ಟುವಂತಿಲ್ಲ. ಮುಟ್ಟಿದರೆ ಒಪ್ಪಿದ ಹಾಗೆ. ಯಳಂದೂರಿನ ಮನೆ ನೋಡಲು ಹೋದಾಗ ಪುಟ್ಟಮಾದಪ್ಪ ಕಾಫಿಯನ್ನೂ ಮುಟ್ಟದೆ ಎದ್ದು ಬಂದಿದ್ದ.

"ಅದೇನೂರವ್ವ! ಬರೀ ಗಾಜು. ಒಂದು ತಿಪ್ಪೆ ಇಲ್ಲ, ಒಂದು ಹಸ ಇಲ್ಲ. ಗೇಟಲ್ಲಿ ನನ್ನ ಎಲೆಅಡ್ಕೆ ಚೀಲಾನೂ ಬಿಚ್ಚಿ ನೋಡುದ್ರು. ಕತ್ಗೊಂದು ಬಿಲ್ಲೆ ತಗಲಾಕುದ್ರು."

"ಎತ್ತಿಗೆ ಗಂಟೆ ಕಟ್ದಂಗಾ?"

"ನಗಬ್ಯಾಡ ಕಣವ್ವ. ಅಲ್ಲಿ ಎಲ್ರ ಕತ್ತಲ್ಲೂ ಅದೇಯ."

"ಉಡ್ಗ ಮಾಡೋದೇನ್ಲಾ?"

"ಕಂಪ್ನಿ ಕೆಲ್ಸ ಅಂದಿದ್ರಲ್ಲ? ಕಂಪ್ನೀಲಿ ಅನ್ನ ಬೇಯಿಸ್ತಾನೆ! ಸೌಟು ಇಡ್ಕಂಡೋನ್ಗೆ ನನ್ ಮಗಳ್ನ ಕೊಡಾಕಾಯ್ತದಾ? ನಾಳೀಕೇ ಬ್ಯಾಡ ಅಂತ ಹೇಳಿ ಕಳುಸ್ತೀನಿ."

ಇಂಥ ಮಾತಿನ ನಡುವೆ ಶೃತಿ ಎಂದೂ ಬಾಯಿ ಹಾಕಿದವಳಲ್ಲ. ಈಗ ಮಜ್ಜಿಗೆ ಲೋಟ ಹಿಡಿದು ಹೊರಗೆ ಬಂದಳು.

"ಅಪ್ಪ, ನೆನ್ನೆ ಮದ್ಯಾನ ಊಟ ಎಲ್ಲಾಯ್ತು?"

"ಅಲ್ಲೇಯ. ಗುಳಿಗುಳಿ ತಟ್ಟೇಲಿ ಬಡುಸ್ತಾರೆ. ಉಳ್ಳಿಕಾಳು ಸಾರು, ಎಲ್ಡು ಸಲ ಆಕುಸ್ಕಂಡೆ. ಎಷ್ಟು ಚಂದಾಗಿತ್ತು ಅಂದ್ರೆ..."

ಅವನು ನಾಲಿಗೆ ಕಚ್ಚಿಕೊಂಡ. ಶಂಕರಮ್ಮ ಎಲೆಗೆ ಸುಣ್ಣ ಸವರುವುದನ್ನು ಬಿಟ್ಟಳು.

"ಯಾರ್ಲಾ ಮಾಡಿದ್ದು ಆ ಸಾರ?"

"ಅದು ಕಂಪ್ನಿ ಊಟ ಕಣವ್ವ. ಅವನ ಮನೇದಲ್ಲ."

"ಯಾರ ಮನೇದಾದ್ರೇನು, ಬೇಯಿಸ್ದೋನು ಅವನೇ. ಎಲ್ಡು ಸಲ ಉಂಡ್ಬುಟ್ಟು ಬಂದು ಬ್ಯಾಡ ಅಂತೀಯಾ? ಯಳಂದೂರಿನೋರ್ಗೆ ಯಾವ ಮೊಕ ತೋರ್ಸೀಯೆ?"

ಪುಟ್ಟಮಾದಪ್ಪ ಲೋಟ ತೆಗೆದುಕೊಂಡು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದ.

"ಸೋಮವಾರ ಬಾಳೆಹಣ್ಣು ತಕಂಡು ಯಳಂದೂರಿಗೆ ಓಗಿ ಒಪ್ಗೆ ಅಂತ ಹೇಳ್ಬುಟ್ಟು ಬಾ," ಎಂದಳು ಶಂಕರಮ್ಮ, ಎಲೆ ಮಡಿಸುತ್ತ.

ಅವನು ಎದ್ದು ಹಿತ್ತಲಿನ ಬಾಳೆಗೊನೆ ನೋಡಲು ಹೋದ. ಶೃತಿ ಖಾಲಿ ಲೋಟ ಹಿಡಿದು ಒಳಗೆ ಹೋದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಉಪ್ಪು ಹಾಕಿ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ರುಚಿ ನೋಡಿದಳು.