ಕಮರುದ್ದೀನನಿಗೆ ಮಣ್ಣು

ಬಾಯಲ್ಲಿ ಉಪ್ಪು, ಹಲ್ಲಿನ ಸಂದಿಯಲ್ಲಿ ನಾರಿನಂಥದೇನೋ, ನಾಲಿಗೆಯಿಂದ ತಳ್ಳಿದರೂ ಹೋಗದು, ಈ ರಕ್ತ ತನ್ನದಲ್ಲ, ಕುಬೇರಪ್ಪನಿಗೆ ಅಷ್ಟು ಗೊತ್ತು, ಇದು ಶಿವಯೋಗೀಶನದು, ಅವನ ಬಲಗೈ ಹೆಬ್ಬೆರಳ ಬುಡದ್ದು, ಎಪ್ಪತ್ತು ದಾಟಿದ ಮೇಲೆ ಕಟ್ಟಿಸಿಕೊಂಡ ಹಲ್ಲಿನಿಂದ ಮನುಷ್ಯನನ್ನು ಕಚ್ಚಿದ್ದು, ಗಟ್ಟಿ ಪದಾರ್ಥ ತಿನಬ್ಯಾಡ್ರಿ ಅಂದಿದ್ದ ಹಲ್ಲಿನ ಡಾಕ್ಟರ — ದವಾಖಾನೆಯ ಉದ್ದ ಪಡಸಾಲೆ, ಫಿನಾಯಿಲು, ಎದುರಿನ ಬಾಗಿಲ ಒಳಗೆ ಕಮರುದ್ದೀನ, ತಲೆ ಒಡೆದ, ಇನ್ನೂ ಉಸಿರಾಡುತ್ತಿರುವ ಕಮರುದ್ದೀನ, ಬಾಗಿಲು ಕಿರ್ ಅಂದಾಗಲೆಲ್ಲ ಅವನ ಹೆಂಡತಿ ರಾಜಬಿ ಬೆಂಚಿನಿಂದ ಏಳುತ್ತಾಳೆ, ಮತ್ತೆ ಕೂಡುತ್ತಾಳೆ, ಕಾಕಾರ, ಉಳೀತಾರಿಲ್ರಿ, ಉಳೀತಾನವ್ವಾ, ಗಟ್ಟಿ ಜೀವ ಅದು, ಟ್ರ್ಯಾಕ್ಟರ ಮೈಮ್ಯಾಲೆ ಬಿದ್ದಾಗೂ ಎದ್ದು ಬಂದು ಬಿಲ್ ಕೇಳಿದಂವ, ಅಂದದ್ದು ತನ್ನ ಬಾಯೇ, ಆದರೆ ಕಣ್ಣ ಮುಂದೆ ಮಾತ್ರ ಆ ಬಶಿ, ಚಹಾದ ಬಶಿ, ಬ್ಯಾಡ, ಈಗ ಅದು ಬ್ಯಾಡ, ಬೇರೆ ಏನಾದರೂ — ಅಂಗಿಯ ಜೇಬಿನಲ್ಲಿ ಸಂಘದ ಪಾವತಿ ಪುಸ್ತಕ, ವಂತಿಗೆಯ ರಸೀದಿಗಳದು, ರಕ್ತಕ್ಕೆ ನೆನೆದು ಉಬ್ಬಿದೆ, ಕೆರೆ ಸಂರಕ್ಷಣಾ ಸಂಘ, ಹೆಸರು ಪಾವತಿಯ ಅಗಲಕ್ಕೆ ಹಿಡಿಸುವುದಿಲ್ಲ, ಪೆಟ್ಟಿಗೆ ಮಾತ್ರ ಸದಾ ಖಾಲಿ, ಖಜಾಂಚಿ ಯಾರಾಗಬೇಕು ಅಂದಾಗ ಎಲ್ಲರೂ ತನ್ನತ್ತ ತಿರುಗಿದ್ದು, ಹೆಸರನ್ಯಾಗ ಕುಬೇರ ಅದಾನ, ಇನ್ನೇನ ಬೇಕರಿ, ನಗು, ಚಪ್ಪಾಳೆ, ಆಮೇಲೆ ವಂತಿಗೆ ಕೇಳಲು ಹೋದರೆ ಮುಂಜಾನೆಯ ವಾಕಿಂಗಿನವರೆಲ್ಲ ತಾನು ಎಡಗಡೆಯಿಂದ ಕೆರೆ ಸುತ್ತಿದರೆ ತಾವೂ ಎಡಗಡೆಯಿಂದ, ಎದುರಾಗಬಾರದೆಂದು, ಖಜಾಂಚಿಗೆ ಕಂಡದ್ದು ಬರೀ ಬೆನ್ನುಗಳು, ಕಡೆಗೆ ಹತ್ತಿ ಪ್ಯಾಟೆಯ ಗುಮಾಸ್ತಿಕೆಯಲ್ಲಿ ಕೂದಲು ಬಿಳಿಯಾದ ತನ್ನ ತಲೆಯೇ ಒಂದು ಉಪಾಯ ಹೇಳಿತು, ರೊಕ್ಕ ಇಲ್ಲ, ಹೂಳು ಐತಿ, ಕೆರೆಯ ಹೂಳನ್ನೇ ಕೊಡೋಣ, ಒಯ್ಯುವವರು ಜೆಸಿಬಿ ಬಾಡಿಗೆ, ಡೀಸೆಲ್ ಹೊರಲಿ, ಕೆರೆಯೂ ಆಳ, ಸಂಘಕ್ಕೂ ಖರ್ಚಿಲ್ಲ, ಸಭೆ ಭಲೇ ಅಂದಿತು, ಖರ್ಚಿಲ್ಲದ್ದಕ್ಕೆ ಸಭೆ ಯಾವತ್ತೂ ಭಲೇ ಅನ್ನುತ್ತದೆ, ಮಣ್ಣಿಗೆ ಕೈ ಚಾಚಿದವರು ಇಬ್ಬರು, ಬೆಂಗೇರಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಕಮರುದ್ದೀನ, ಶಿರಗುಪ್ಪಿಯ ತನ್ನ ಹೊಲಕ್ಕೆ ಹಾಕಲು, ಇನ್ನೊಬ್ಬ ಕೆರೆಯ ದಂಡೆಗೆ ಪ್ಲಾಟ್ ಹಾಕಿ ಕುಳಿತ ಶಿವಯೋಗೀಶ, ಕಾಕಾ, ನನಗ ಕೊಡ್ರಿ, ಡೀಸೆಲ್ಲೂ ನಂದು, ಮ್ಯಾಲೆ ಸಂಘಕ್ಕ ದೇಣಿಗೀನೂ, ತಮ್ಮಾ, ನಿನಗ ಕೊಟ್ರ ಕೆರ್ಯಾಗಿಂದ ಎದ್ದ ಮಣ್ಣು ಮತ್ತ ಕೆರ್ಯಾಗ ಬಂದು ಕೂಡತೈತಿ, ನಿನ್ನ ಪ್ಲಾಟಿನ ಹೆಸರಲೆ, ಸಭೆ ನಕ್ಕಿತು, ಮಣ್ಣು ಕಮರುದ್ದೀನನಿಗೇ ಅಂತಾಯಿತು, ಶಿವಯೋಗೀಶನೂ ನಕ್ಕ, ಹಲ್ಲು ಕಾಣದ ಹಾಗೆ, ಆ ನಗುವನ್ನು ಆಗಲೇ ಓದಬೇಕಿತ್ತು.

ಓದಲಿಲ್ಲ, ಬರೆದ, ಬರೆಯುವ ಚಟ, ನಿನ್ನೆ ಸಂಜೆ ಸಂಘದ ವಾಟ್ಸಾಪ್ ಗುಂಪಿಗೆ ಒಂದೇ ಬೆರಳಿನಿಂದ ಒತ್ತಿ ಒತ್ತಿ, ನಾಳೆ ಮುಂಜಾನೆ ಕಮರುದ್ದೀನಗ ಮಣ್ಣು ಕೊಡೂದೈತಿ, ಎಲ್ಲಾರೂ ತಪ್ಪದ ಕೆರಿ ಕಡೆ ಬರ್ರಿ, ಕುಬೇರಪ್ಪ, ಖಜಾಂಚಿ, ಕಳಿಸಿ ಮಲಗಿದ, ಎದ್ದು ನೋಡಿದರೆ ಫೋನಿನ ತುಂಬ ಜೋಡಿಸಿದ ಕೈಗಳು, ಭಾವಪೂರ್ಣ ಶ್ರದ್ಧಾಂಜಲಿ, ಭಾಳ ಒಳ್ಳೆ ಮನುಷ್ಯಾ ಇದ್ದ, ನನ್ನ ಮೋಟಾರ ಅರ್ಧಕ್ಕ ಬಿಚ್ಚಿಟ್ಟಾನ ಇನ್ನೇನ ಗತಿ — ಥೂ, ಹೆಣಕ್ಕೂ ಮಣ್ಣು ಕೊಡುವುದೇ ಅಲ್ಲವೇ, ನಮ್ಮವರೂ ಹೂಳುವವರು, ಅವರೂ ಹೂಳುವವರು, ಅವರ ಮಾತಿನಲ್ಲೂ ಮಿಟ್ಟಿ ದೇನಾ, ಎರಡೂ ಮನೆಯ ಭಾಷೆಯಲ್ಲಿ ಒಂದೇ ಅರ್ಥ, ಇದಕ್ಕಿಂತ ದೊಡ್ಡ ಐಕ್ಯ ಎಲ್ಲಿದೆ, ಸಂದೇಶ ಗುಂಪು ದಾಟಿ ಊರು ದಾಟಿ ಉಪ್ಪಿನಬೆಟಗೇರಿ ಮುಟ್ಟಿತು, ಅಲ್ಲಿಂದ ಕಮರುದ್ದೀನನ ತಂಗಿ ಯಾಸ್ಮಿನ ಟೆಂಪೊ ಮಾಡಿಸಿಕೊಂಡು ಎದೆ ಬಡಿದುಕೊಳ್ಳುತ್ತ ಬಂದಳು, ಕೆರೆಯ ಏರಿಯ ಮೇಲೆ ಜನವೋ ಜನ, ಹೂವಿನ ಮಾಲೆ, ಬಿಳಿ ಟೋಪಿ, ವಿಭೂತಿ, ವಂತಿಗೆ ಕೊಡದೆ ಬೆನ್ನು ತೋರಿಸಿದವರೆಲ್ಲ ಇವತ್ತು ಮುಖ ತೋರಿಸಿದ್ದರು, ಮತ್ತು ನಡುವೆ, ಜೆಸಿಬಿಯ ನೆರಳಲ್ಲಿ, ಸತ್ತವನೇ ಕೆಟಲ್ ಹಿಡಿದು ನಿಂತಿದ್ದ, ನನ್ನ ಮಣ್ಣಿಗೆ ಬಂದೀರಿ, ಚಹಾ ಕುಡದ ಹೋಗ್ರಿ, ಯಾಸ್ಮಿನ ಅಳುವುದನ್ನು ನಿಲ್ಲಿಸಿ ಅಣ್ಣನಿಗೆ ಚಪ್ಪಲಿ ಎಸೆದಳು, ಜನ ಹೊಟ್ಟೆ ಹಿಡಿದು ನಕ್ಕರು, ರಾಜಬಿ ಸೆರಗು ಬಾಯಿಗಿಟ್ಟುಕೊಂಡು, ಕಾಕಾರ, ಜೀವಂತ ಮನಿಷ್ಯಾಗ ಮಣ್ಣ ಕೊಡಾಕ ಹೊಂಟೀರಲ್ರಿ, ಕಮರುದ್ದೀನ, ಇರಲಿ ಬಿಡ, ಯಾರ್ಯಾರ ಬರತಾರ ನೋಡಿಧಂಗಾತು, ಮಾಲೀನೂ ಪುಕ್ಕಟ ಬಂತು, ಮಾಲೆಯೊಂದನ್ನು ತಾನೇ ಕೊರಳಿಗೆ ಹಾಕಿಕೊಂಡು, ಬಶಿಗೆ ಚಹಾ ಸುರುವಿಕೊಂಡು, ಊದಿದ.

ಊದಿದ, ಇನ್ನೂ ಕುಡಿದಿರಲಿಲ್ಲ, ಶಿವಯೋಗೀಶನ ಗಾಡಿ ಏರಿ ಹತ್ತಿ ಬಂತು, ಹಿಂದೆ ಅವನ ಖಾಲಿ ಟಿಪ್ಪರುಗಳು, ಅವನ ಹುಡುಗರು, ಜನ ಇನ್ನೂ ನಗುತ್ತಿದ್ದರು, ಅವನೂ ಹೆಣ ನೋಡಲು ಬಂದನೆಂದು, ಕಾಕಾ, ಮಣ್ಣ ಕೊಡೂದ ಅಂತ ಬರದೀರಲ್ಲ, ನಾನೂ ಕೊಡಾಕ ಬಂದೇನಿ, ನಗು, ಮಣ್ಣು ಒಯ್ಯಲು ಕಮರುದ್ದೀನ ತಂದಿದ್ದ ಟ್ರ್ಯಾಕ್ಟರಿನ ಟ್ರೇಲರಿನಿಂದ ಹಾರೆ ಎತ್ತಿಕೊಂಡಾಗಲೂ ನಗು, ನಗೆಯ ನಡುವೆಯೇ ಕಬ್ಬಿಣ ಇಳಿಯಿತು, ಆ ಸದ್ದು, ಹತ್ತಿ ಪ್ಯಾಟೆಯಲ್ಲಿ ಹತ್ತಿ ಮೂಟೆಗೆ ಬಿಗಿದ ತಗಡಿನ ಪಟ್ಟಿ ಕಡಿದಾಗಿನ ಟಪ್, ಕಮರುದ್ದೀನ ಕೂತ, ಮಲಗಲಿಲ್ಲ, ಕೂತ, ಕೊರಳ ಮಾಲೆ ಬಿಳಿಯಿಂದ ಕೆಂಪಾಗುತ್ತ ಬಂತು, ಇನ್ನೊಂದು ಏಟಿಗೆ ಹಾರೆ ಎತ್ತಿದ ಕೈ ತನ್ನ ಬಾಯಿಗೆ ಸಿಕ್ಕಿತು, ಕುಬೇರಪ್ಪ ಹಲ್ಲಿಳಿಸಿದ, ಎಲುಬು ಸಿಗುವ ತನಕ, ಬಿಡಲಿಲ್ಲ, ತಲೆಗೂದಲು ಹಿಡಿದು ಎಳೆದರು, ಬೆನ್ನಿಗೆ ಒದ್ದರು, ಬಿಡಲಿಲ್ಲ, ಹಾರೆ ಕೆಳಗೆ ಬಿದ್ದಾಗ ಅದನ್ನು ತಾನೇ ಎತ್ತಿ ಆ ನಗುವ ಬಾಯಿಯೊಳಗೆ ಇಳಿಸಬೇಕೆಂದು, ಒಮ್ಮೆ ಅಲ್ಲ, ಹೂಳು ಅಗೆದ ಹಾಗೆ ಅಗೆದು ಅಗೆದು, ಈಗಲೂ, ಈ ಬೆಂಚಿನ ಮೇಲೂ, ಅಂಗೈ ಹಾರೆಗಾಗಿ ತುರಿಸುತ್ತದೆ, ಪೊಲೀಸಪ್ಪ ಬಂದು ಕೇಳಿದ, ಅಜ್ಜಾರ, ಹಿಂದೂ ಮುಸ್ಲಿಂ ಗಲಾಟೆ ಏನ್ರಿ, ಅಲ್ಲಪಾ, ಮಣ್ಣಿನ ಗಲಾಟೆ, ಹಂಗ ಬರಕೋ, ಹೊಡದಂವ ಶಿವಯೋಗೀಶ, ಹಲ್ಲಿಲೆ ಕಡದಂವ ನಾನು, ಎರಡೂ ಬರಕೋ, ಅವನಿಗೆ ನಿರಾಶೆಯಾಯಿತು ಅನ್ನಿಸಿತು — ಬಾಗಿಲು, ಕಿರ್, ರಾಜಬಿ ಎದ್ದಳು, ಡಾಕ್ಟರು ಹುಡುಗಿ ಮುಖವಸ್ತ್ರ ಇಳಿಸಿ ಏನೋ ಅಂದಳು, ಸಣ್ಣ ದನಿಯಲ್ಲಿ, ಅಂಥ ಮಾತಿಗೆ ದನಿ ಸಣ್ಣದಾಗುತ್ತದೆ, ರಾಜಬಿ ಅಳಲಿಲ್ಲ, ಗೋಡೆಗೆ ಕೈ ಊರಿ ನಿಂತಳು, ಕಾಕಾರ, ಎಲ್ಲಾರಿಗೂ ತಿಳಸ್ರಿ, ಯಾರೂ ನಗಲಾರಧಂಗ ಬರೀರಿ, ಬರೀತೇನವ್ವಾ, ಫೋನು ತೆಗೆದ, ಗಾಜಿನ ಮೇಲೆ ಬೆರಳಿನ ಕೆಂಪು, ನಾಳೆ ಮುಂಜಾನೆ ಕಮರುದ್ದೀನಗ, ಮುಂದೆ ಆ ಮಾತು ಬೇಕು, ಬೇರೆ ಮಾತು, ನಲವತ್ತು ವರ್ಷ ಪತ್ರ ಬರೆದ ಕೈಗೆ ಬೇರೆ ಮಾತು ಸಿಗುತ್ತಿಲ್ಲ, ಮೇಲೆ ನೋಡಿದರೆ ಅದೇ ವಾಕ್ಯ, ನಿನ್ನೆಯದು, ಸಿದ್ಧವಾಗಿ, ಒಂದಕ್ಷರ ತಿದ್ದಬೇಕಿಲ್ಲ, ಅದರ ಕೆಳಗೆ ಜೋಡಿಸಿದ ಕೈಗಳು, ಅವುಗಳ ಕೆಳಗೆ ಸಾವು ಸುಳ್ಳೆಂದು ತಿಳಿದ ಮೇಲೆ ಜನ ಹಾಕಿದ ನಗುವ ಮುಖಗಳ ಸಾಲು, ಬೆರಳು ಒತ್ತದು, ಕಮರುದ್ದೀನಗ, ಕಮರುದ್ದೀನಗ, ಮತ್ತು ಬಶಿ, ಏಟು ಬಿದ್ದಾಗ ಅವನ ಕೈಯಿಂದ ಜಾರಿ ಕೆರೆಯ ಮೆತ್ತನೆಯ ಹೂಳಿನ ಮೇಲೆ ಕೂತ ಬಶಿ, ಒಡೆಯಲಿಲ್ಲ, ಮಗುಚಲೂ ಇಲ್ಲ, ತಳದಲ್ಲಿ ಒಂದು ಗುಟುಕು ಚಹಾ, ಊದಿ ಆರಿಸಿದ್ದು, ಅದರ ಮೇಲೆ ಇನ್ನೂ ಸಣ್ಣಗೆ ನಡುಗುತ್ತಿದ್ದ ಅಲೆ, ಬಶಿ