ಬಲಗಡೆಯ ಪರದೆಯ ನೀರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ನನ್ನ ರೂಢಿಯಂತೆ ಹೊಲದಿಂದ ಹೊರಟರೆ, ಬದು ದಾಟಿ, ಕಾಲುವೆ ದಾಟಿ, ಘಟಪ್ರಭಾ ಸ್ಟೇಶನ್ನಿನ ಎದುರಿನ ಫ್ಲೆಕ್ಸ್ ಅಂಗಡಿ ಮುಟ್ಟುವಷ್ಟರಲ್ಲಿ ನೀವು ಪುಟ ಮಗುಚಿರುತ್ತೀರಿ. ನೇರವಾಗಿ ಅಂಗಡಿಯೊಳಗೇ ನಿಲ್ಲೋಣ. ಒಂದು ಕಂಪ್ಯೂಟರು, ಅದಕ್ಕೆ ಎರಡು ಮಾನಿಟರು. ಎಡಗಡೆಯದರ ಮುಂದೆ ಅಂಗಡಿಯ ಅಖ್ತರ ಕೂತಿದ್ದಾನೆ. ಬಲಗಡೆಯದರ ಮುಂದೆ ಯಾರೂ ಇಲ್ಲ.

(ಈ ‘ಯಾರೂ ಇಲ್ಲ’ದಿಂದಲೇ ಶುರು ಮಾಡಬೇಕಿತ್ತು. ಹೊಡೆದುಹಾಕುತ್ತೇನೆ.)

೧, ಮತ್ತೊಮ್ಮೆ

ಬಲಗಡೆಯ ಮಾನಿಟರು ಅಖ್ತರನ ಹೆಂಡತಿ ನಾಜಿಯಾಳದು. ಅವನು ಬ್ಯಾನರು ಕೂಡಿಸುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಅದನ್ನು ಗಿರಾಕಿಗೆ ಕೇಳುವಂತೆ ಓದಿ ತಿದ್ದುತ್ತಿದ್ದಳು. ಕೆಲಸವಿಲ್ಲದಾಗ ಎಡ ಪರದೆಯಲ್ಲಿ ಕಂಪ್ಯೂಟರಿನ ಜೊತೆ ಬಂದ ನೀಲಿ ಬಣ್ಣ. ಬಲ ಪರದೆಯಲ್ಲಿ ಧುಪದಾಳದ ಒಡ್ಡು ಹಾರಿ ಬೀಳುವ ಮಳೆಗಾಲದ ಕೆಂಪು ನೀರು. ಮದುವೆಯಾದ ಹೊಸದರಲ್ಲಿ ಅವಳೇ ತೆಗೆದ ಫೋಟೋ. ಅದರಲ್ಲಿ ಮನುಷ್ಯರಿಲ್ಲ, ಮೂಲೆಯಲ್ಲಿ ಅಖ್ತರ ಬಿಟ್ಟ ಚಪ್ಪಲಿಯೊಂದಿದೆ.

ಆಮೇಲೆ ಊರಿನ ಫ್ಲೆಕ್ಸ್ ಅಂಗಡಿಗಳೆಲ್ಲ ಎರಡನೆಯ ಪರದೆಯನ್ನು ಗಿರಾಕಿಯ ಕಡೆ ತಿರುಗಿಸಿದವು. ಗಿರಾಕಿಯೇ ನೋಡಿ ‘ಬರೋಬರಿ ಐತಿ’ ಅಂದರೆ ಆಯಿತು, ಮುಂದೆ ತಪ್ಪು ಸಿಕ್ಕರೂ ತಕರಾರಿಲ್ಲ. ಅಖ್ತರನೂ ತಿರುಗಿಸಿದ. ಕುರ್ಚಿಯನ್ನೂ ಆ ಕಡೆಗೇ ಹಾಕಿದ.

“ನಾ ಎಲ್ಲಿ ಕೂಡ್ಲಿರಿ?” ಎಂದಳು ನಾಜಿಯಾ.

“ಮನ್ಯಾಗ ಆರಾಮ ಇರು,” ಎಂದ. ಪ್ರೀತಿಯಿಂದಲೇ ಅಂದಿದ್ದ.

ಅವಳು ಮುದಲಗಿಯ ತವರಿಗೆ ಹೋದಳು. ಈದ್ ಬಂದು ಹೋಯಿತು, ಅವಳು ಬರಲಿಲ್ಲ. (ಇವರು ಮನೆಯಲ್ಲಿ ಆಡುವುದು ಉರ್ದು. ನಾನು ನನಗೆ ಬರುವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೇನೆ.)

೨

ಇನ್ನು ತಪ್ಪಿನ ವಿಷಯ. ಒಂದು ಮಧ್ಯಾಹ್ನ ಅಖ್ತರನಿಗೆ ತನ್ನ ಕಡೆಯ ಪರದೆಯ ಮೇಲೆ ನಾಜಿಯಾಳ ಮುಖ ಬೇಕೆನಿಸಿತು. ಫೋಟೋ ಹುಡುಕಿ ವಾಲ್‌ಪೇಪರ್ ಮಾಡಿದ. ಎರಡೂ ಪರದೆಗಳಲ್ಲಿ ಅವಳೇ ಬಂದಳು, ಒಂದರಲ್ಲಿ ಗಿರಾಕಿಗಳ ಕಡೆ ಮುಖ ಮಾಡಿ. ಗಾಬರಿಯಾಗಿ ನೀಲಿ ಒತ್ತಿದ. ಎರಡೂ ನೀಲಿಯಾದವು. ಒಂದೊಂದಕ್ಕೆ ಬೇರೆ ಬೇರೆ ಚಿತ್ರ ಇಡುವುದು ಗೊತ್ತಿದ್ದದ್ದು ನಾಜಿಯಾಳಿಗೆ. ಒಡ್ಡಿನ ನೀರು ಹೋಯಿತು. ಅದರ ಪ್ರತಿಯನ್ನು ಜಾಗ ಸಾಲದೆಂದು ಅವನೇ ಹಿಂದೆ ಅಳಿಸಿದ್ದ. ಮೂಲ ಇರುವುದು ಅವಳ ಮೊಬೈಲಿನಲ್ಲಿ.

“ಇದನ್ಯಾಕ ಬರದ್ರಿ?” ಅಖ್ತರ ಇದನ್ನು ಬರೆಯುತ್ತಿದ್ದ ನನ್ನ ಕಡೆ ತಿರುಗಿದ. “‘ಕಂಪ್ಯೂಟರಿನ ಎಲ್ಲಾ ಕೆಲಸ ಮಾಡಿಕೊಡಲಾಗುವುದು’ ಅಂತ ಹೊರಗ ಬೋರ್ಡ್ ಹಾಕೇನಿ. ಗಿರಾಕಿ ಓದಿದ್ರ?”

(ನಿನ್ನ ಗಿರಾಕಿಗಳು ಕಥೆ ಓದುವುದಿಲ್ಲ ಎಂದೆ. ಅವನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.)

೩

ಹುಕ್ಕೇರಿ ಕಡೆಯ ಕಣಗಲಾದಿಂದ ಕುರುಬರ ಸಿದ್ರಾಯ ಬಂದ. ಕಂಬಳಿ ಹೆಗಲ ಮೇಲಿದ್ದ ಹಿರಿಯ. ಅವನ ಟಗರಿನ ಹುಟ್ಟುಹಬ್ಬಕ್ಕೆ ಬ್ಯಾನರು ಬೇಕಾಗಿತ್ತು. ಕೂತವನು ಪರದೆ ನೋಡಿದ.

“ಇಲ್ಲಿ ನೀರ ಬೀಳತಿತ್ತಲ್ಲೋ ಅಖ್ತರ, ಎಲ್ಲಿ ಹೋತು?”

“ಹೋತ್ರಿ ಕಾಕಾ.”

“ನೀರೂ ಹೋತು, ಓದಿ ಹೇಳೋ ತಂಗೀನೂ ಹೋದ್ಲು. ನೀ ಒಬ್ಬನ ಯಾಕ ಉಳದಿ?”

ಅಖ್ತರ ಟಗರಿನ ಫೋಟೋ ಹಾಕಿ ಅಕ್ಷರ ಕೂಡಿಸಿ ಮುಗಿಸಿದ. “ಬ್ಯಾನರ್ ಆಗೇತಿ. ಬರೋಬರಿ ಐತೇನ ನೋಡ್ರಿ.”

“ನನಗ ಟಗರ ಕಾಣತೈತಿ. ಅಕ್ಷರ ಕಾಣಂಗಿಲ್ಲ. ಆ ತಂಗಿ ಓದಲಿ, ಆಮ್ಯಾಲ ಬರೋಬರಿ ಅಂತೀನಿ.”

“ಆಕಿ ಮುದಲಗ್ಯಾಗ ಅದಾಳ್ರಿ.”

“ಇರಲಿ. ಟಗರಿಗೇನ ಅವಸರ ಇಲ್ಲ,” ಎಂದು ಸಿದ್ರಾಯ ತಂಬಾಕು ತಿಕ್ಕತೊಡಗಿದ.

೪

ಅಖ್ತರ ನಾಜಿಯಾಳಿಗೆ ಫೋನು ಹಚ್ಚಿದ.

“ಧುಪದಾಳದ ಫೋಟೋ ಐತೇನ ನಿನ್ನ ಕಡೆ?”

“ಐತ್ರಿ. ನಿಮ್ಮ ಕಡೆ ಇದ್ದದ್ದೇನಾತು?”

“ನನ್ನ ಕಡೆ ನಿನ್ನ ಮಾರಿ ಇಡಾಕ ಹೋದ್ನಿ. ಎರಡೂ ಕಡೆ ಬಂತು.”



“ಆ ಮಾನಿಟರ್ ಈಗ ಯಾವ ಕಡೆ ಮಾರಿ ಮಾಡೇತ್ರಿ?”

ಇಲ್ಲಿಂದ ಕಥೆ ಮುಗಿಸಲು ನನಗೆ ಎರಡು ದಾರಿ.

ಅ) ನಾಜಿಯಾ ಫೋಟೋ ಕಳಿಸುತ್ತಾಳೆ. ನೀರು ಮತ್ತೆ ಬೀಳುತ್ತದೆ, ಗಿರಾಕಿಗಳು ನೋಡುತ್ತಾರೆ. (ಸಂಪಾದಕರಿಗೆ ಇದು ಸಾಕು. ಅಖ್ತರನಿಗೆ ಸಾಲದು.)

ಆ) ಅವಳೇ ಬರುತ್ತಾಳೆ. ಮುದಲಗಿಯ ಬಸ್ಸನ್ನು ಸ್ಟೇಶನ್ನಿನ ಮುಂದೆ ನಿಲ್ಲಿಸಿಯೂಬಿಟ್ಟೆ. ಅವಳು ಸೀಟು ಬಿಟ್ಟು ಏಳಲಿಲ್ಲ. “ನನ್ನ ಕೇಳದ ಇಳಸ್ತೀರೇನ್ರಿ?” ಎಂದು ನನ್ನನ್ನೇ ಕೇಳಿದಳು. “ಮೊದಲ ಕುರ್ಚಿ ಎಲ್ಲೈತಿ, ಅದನ್ನ ಬರೀರಿ.”

ಬಸ್ಸನ್ನು ಹೊಡೆದುಹಾಕಿದೆ. ಕುರ್ಚಿ ಬರೆಯುತ್ತೇನೆ.

ಅಖ್ತರ ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ಸಿದ್ರಾಯನನ್ನು ಎಬ್ಬಿಸಿ, ಕುರ್ಚಿಯನ್ನು ಒಳಗೆ ಎಳೆದ. ಮಾನಿಟರನ್ನು ಹೊರಳಿಸಿದ. ಕೇಬಲ್ಲು ಗಿಡ್ಡ, ಅರ್ಧಕ್ಕೇ ನಿಂತಿತು, ಗಿರಾಕಿಗೂ ಕಾಣದಂತೆ, ಕುರ್ಚಿಗೂ ಕಾಣದಂತೆ. ಸಿದ್ರಾಯ ಟೇಬಲ್ಲಿನ ಕೆಳಗೆ ಬಗ್ಗಿ ಸಿಕ್ಕಿಕೊಂಡ ವಾಯರು ಬಿಡಿಸತೊಡಗಿದ.

“ಹೇಳ್ರಿ, ಯಾವ ಕಡೆ ಐತಿ?” ಎಂದಳು ನಾಜಿಯಾ ಫೋನಿನಲ್ಲಿ.

“ಹೊಳ್ಳಸಾಕತ್ತೇನಿ,” ಎಂದ ಅಖ್ತರ. “ಕಟ್ ಮಾಡಬ್ಯಾಡ.”

ಅವಳು ಕಟ್ ಮಾಡಿಲ್ಲ. ಬರುತ್ತೇನೆಂದೂ ಅಂದಿಲ್ಲ, ನಾನು ಅನ್ನಿಸುವುದೂ ಇಲ್ಲ. ಟಗರಿನ ಬ್ಯಾನರಿನ ಹಿಂದೆ ಎಡಕ್ಕೆ ನೀಲಿ, ಬಲಕ್ಕೆ ನೀಲಿ. ಟೇಬಲ್ಲಿನ ಕೆಳಗಿನಿಂದ ಎದ್ದ ಸಿದ್ರಾಯ, ಕಂಬಳಿಯ ಚುಂಗಿನಿಂದ ಕುರ್ಚಿಯ ಧೂಳು ಹೊಡೆದ. ಕೂಡಲಿಲ್ಲ.