ಮೂವತ್ತೆಂಟು ಕಾಲರ್‌ಗಳು

ತರಗತಿಯಲ್ಲಿ ಅವಳಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಮೊದಲ ವರ್ಷ ಅಂಟಿಕೊಂಡ ಆ ಹೆಸರು ಮೂರನೆಯ ವರ್ಷದ ಹೊತ್ತಿಗೆ ಸವೆದು ಬರೀ ‘ಭೂತ’ ಆಗಿತ್ತು. ಯಾವ ಫೋಟೊ ಕೊಟ್ಟರೂ ಅದನ್ನು ಪರದೆ ತುಂಬ ಹಿಗ್ಗಿಸಿ, ಮೂಲೆಮೂಲೆ ನೋಡಿ ಮುಗಿಸದೆ ಅವಳು ಕುರ್ಚಿಯಿಂದ ಏಳುತ್ತಿರಲಿಲ್ಲ. ರಸಾಯನಶಾಸ್ತ್ರವನ್ನು ಎರಡು ವರ್ಷ ಓದಿ ಅರ್ಧಕ್ಕೆ ಬಿಟ್ಟು, ಮನೆಯಲ್ಲಿ ಹಟ ಹಿಡಿದು ಫ್ಯಾಷನ್ ಮಾರ್ಕೆಟಿಂಗ್ ಮತ್ತು ಸಂವಹನದ ಪದವಿಗೆ ಸೇರಿದವಳು. ಲ್ಯಾಬು ಬಿಟ್ಟಿತ್ತು, ಲ್ಯಾಬಿನ ಚಾಳಿ ಬಿಟ್ಟಿರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟನ್ನು ಒಂದು ಉಡುಪಿನ ಕಂಪನಿ ಕೊಟ್ಟಿತ್ತು. ಎರಡು ತಿಂಗಳಲ್ಲಿ ಅಂಗಡಿಗೆ ಬರಲಿರುವ ಕಡುನೀಲಿ ಜಾಕೆಟ್ ಒಂದಕ್ಕೆ ಇಬ್ಬಿಬ್ಬರು ಸೇರಿ ಪ್ರಚಾರ ರೂಪಿಸಬೇಕು. ಗೆದ್ದ ಜೋಡಿಯ ಕೆಲಸವನ್ನು ಕಂಪನಿ ಬಳಸುತ್ತದೆ. ಆ ಜೋಡಿಯಲ್ಲಿ ಒಬ್ಬರಿಗೆ ಒಂದು ವರ್ಷದ ಕೆಲಸ. ಆ ಒಂದು ಜಾಗ ಅವಳಿಗೆ ಬೇಕೇ ಬೇಕಿತ್ತು. ಓದು ಮುಗಿಯುವಷ್ಟರಲ್ಲಿ ಕೆಲಸ ಸಿಗದಿದ್ದರೆ ಅಪ್ಪನ ಲಾಂಡ್ರಿಯ ಕೌಂಟರಿನಲ್ಲಿ ಕೂರುತ್ತೇನೆ ಎಂದು ಸೇರುವ ದಿನ ತಾನೇ ಮಾತು ಕೊಟ್ಟಿದ್ದಳು. ಆಗ ಮೂರು ವರ್ಷ ಎಂಬುದು ಬಹಳ ದೂರದ ಸಂಗತಿಯಂತೆ ಕಂಡಿತ್ತು.

ಅವಳ ಜೊತೆಗಾರ್ತಿಯನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಕಾರಣ ಹೇಳಬೇಕಾಗಿಲ್ಲ. ಮಾತೆಲ್ಲ ರೇಡಿಯೊದು, ಅಂಕಿ ಅಂಶ ಮತ್ತು ಚಿತ್ರ ತಿದ್ದುವ ಕೆಲಸ ಇವಳದು. ನೂರ ಎಂಬತ್ತು ವಿದ್ಯಾರ್ಥಿಗಳನ್ನು ನಿಲ್ಲಿಸಿ ಕೇಳಿದಾಗ, ಒಬ್ಬರನ್ನೂ ಬಿಡದೆ ಎಲ್ಲರ ಬಳಿಯೂ ಒಂದು ಬಿಳಿ ಅಂಗಿ ಇದ್ದೇ ಇದೆ ಎಂಬುದು ಇವಳ ಕಣ್ಣಿಗೆ ಬಿದ್ದಿತ್ತು. ‘ಬಿಳಿಯ ಮೇಲೆ ನೀಲಿ’ ಎಂಬ ಸಾಲು ಹುಟ್ಟಿದ್ದು ಅಲ್ಲಿಂದ. ರೇಡಿಯೊ ತನ್ನದೇ ಬಿಳಿ ಅಂಗಿಯ ಮೇಲೆ ಜಾಕೆಟ್ ತೊಟ್ಟು, ಸ್ಟುಡಿಯೊದ ಬಿಸಿ ದೀಪಗಳ ಕೆಳಗೆ ಎರಡು ಗಂಟೆ ನಿಂತಳು. ಆರಿಸಿದ ಮೂವತ್ತೆಂಟು ಚಿತ್ರಗಳನ್ನು ಇವಳು ಒಂದು ವಾರ ಕೂತು ತಿದ್ದಿದಳು. ಮೊಡವೆ ಅಳಿಸಿದಳು, ಸುಕ್ಕು ಅಳಿಸಿದಳು, ಕಾಲರಿನ ಸುತ್ತ ಬಿದ್ದಿದ್ದ ನೀಲಿ ನೆರಳನ್ನೂ ಅಳಿಸಿದಳು.

ಪ್ರಾಜೆಕ್ಟ್ ಮಂಡಿಸಲು ಐದು ದಿನ ಉಳಿದಿರುವಾಗ, ಇಸ್ತ್ರಿ ಮಾಡಿಸೋಣವೆಂದು ಜಾಕೆಟ್ಟನ್ನು ಮನೆಗೆ ತಂದಳು. ಮನೆಯೆಂದರೆ ಮೇಲೆ ಎರಡು ಕೋಣೆ, ಕೆಳಗೆ ಲಾಂಡ್ರಿ. ಇಸ್ತ್ರಿ ಮೇಜಿನ ಹಿಂದೆ ಅಪ್ಪನ ಅಕ್ಕ, ಅಂದರೆ ಅವಳ ಅತ್ತೆ, ಹಬೆಯ ನಡುವೆ ನಿಂತಿದ್ದರು.

“ಬಂದ್ಲಪ್ಪ ಮಹಾರಾಣಿ. ಬಟ್ಟೆ ಮಾರೋದು ಹೇಗೆ ಅಂತ ಮೂರು ವರ್ಷ ಓದಿದಾಳೆ, ಒಂದು ಕರ್ಚೀಫು ಮಾರಿಲ್ಲ ಇನ್ನೂ.”

“ಅತ್ತೆ, ಸ್ವಲ್ಪ ನಿಧಾನಕ್ಕೆ ಮಾಡಿ. ಕಂಪನಿಯವರದ್ದು ಅದು.”

“ಆಹಾ, ನಾನು ನಲವತ್ತು ವರ್ಷದಿಂದ ಬಟ್ಟೆ ಸುಡ್ತಾ ಬಂದಿದೀನಿ ನೋಡು!”

ಕೌಂಟರಿನಲ್ಲಿದ್ದ ಅಪ್ಪ ಜಾಕೆಟ್ಟನ್ನು ಕೈಗೆ ತೆಗೆದುಕೊಂಡರು. ಹೊಸ ಬಟ್ಟೆ ಕೈಗೆ ಬಂದರೆ ಯಾವಾಗಲೂ ಮಾಡುವಂತೆ, ಹಳೆಯ ಬಿಳಿ ಚಿಂದಿಯ ತುದಿಯನ್ನು ಒದ್ದೆ ಮಾಡಿ ಜಾಕೆಟ್ಟಿನ ಕತ್ತಿನ ಒಳಭಾಗಕ್ಕೆ ಹತ್ತು ಸಲ ಉಜ್ಜಿದರು. ಆಮೇಲೆ ಚಿಂದಿಯನ್ನು ಅವಳ ಕಡೆ ಹಿಡಿದರು. ತುದಿ ಮಸಿಯಲ್ಲಿ ಅದ್ದಿದ ಹಾಗಿತ್ತು.

“ಬಣ್ಣ ಬಿಡುತ್ತೆ ಪುಟ್ಟಿ ಇದು.”

“ಹೊಸದಲ್ವಾ ಅಪ್ಪ, ಸ್ವಲ್ಪ ಬಿಡುತ್ತೆ.”

“ಸ್ವಲ್ಪನಾ ಇದು?”

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಗ್ಗಿ ನೋಡಿದರು. “ಇದನ್ನ ಹಾಕ್ಕೊಂಡೋರೆಲ್ಲ ನಾಳೆ ಹಾಳಾದ ಬಿಳಿ ಅಂಗಿ ತಂದು ನಮ್ಮ ಮುಖಕ್ಕೆ ಎಸೀತಾರೆ. ಲಾಂಡ್ರಿಯವರೇ ಕೆಡಿಸಿದ್ದು ಅಂತಾರೆ. ಕಂಪನಿ ಬಾಗಿಲು ಯಾರು ತಟ್ತಾರೆ? ಅದು ಎಲ್ಲಿದೆ ಅಂತ ಯಾರಿಗೆ ಗೊತ್ತು? ನಾವಾದ್ರೆ ಇಲ್ಲೇ ರಸ್ತೇಲಿ ಸಿಗ್ತೀವಿ.”

ಅವಳಿಗೆ ಕಾಲರಿನ ಸುತ್ತ ತಾನು ಅಳಿಸಿದ ನೆರಳು ನೆನಪಾಯಿತು. ಕೌಂಟರಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು, ತಿದ್ದುವ ಮೊದಲಿನ ಮೂಲ ಚಿತ್ರಗಳನ್ನು ಹುಡುಕಿ, ತೆಗೆದ ಸಮಯದ ಪ್ರಕಾರ ಸಾಲಾಗಿ ಜೋಡಿಸಿದಳು. ಪ್ರತಿಯೊಂದರಲ್ಲೂ ಕಾಲರ್ ಮಾತ್ರ ಕಾಣುವಂತೆ ಹಿಗ್ಗಿಸಿದಳು. ಮೊದಲನೆಯದು ಹಾಲಿನಂತಿತ್ತು. ಒಂಬತ್ತನೆಯದರಲ್ಲಿ ಒಂದು ಎಳೆ. ಇಪ್ಪತ್ತರ ಹೊತ್ತಿಗೆ ಬೆರಳಗಲ. ಮೂವತ್ತೆಂಟನೆಯದರಲ್ಲಿ ರೇಡಿಯೊಳ ಕತ್ತಿಗೂ ನೀಲಿ ಹತ್ತಿತ್ತು. ಸ್ಟುಡಿಯೊದ ನೆರಳು ಹೀಗೆ ಹೊತ್ತು ಹೋದಂತೆ ಬೆಳೆಯುವುದಿಲ್ಲ, ಬೆವರಿಗೆ ಬಿಟ್ಟ ಬಣ್ಣ ಬೆಳೆಯುತ್ತದೆ. ಒಂದೊಂದಾಗಿ ನೋಡಿದ್ದರಿಂದ ಅದು ನೆರಳಾಗಿ ಕಂಡಿತ್ತು. ಕೂದಲೆಳೆಯನ್ನೂ ಬಿಡದವಳು ಎಂದು ಹೆಸರಾದವಳು ಮೂವತ್ತು ಸಲ ಅದನ್ನು ತನ್ನ ಕೈಯಾರೆ ಒರೆಸಿ, ‘ಚೆನ್ನಾಗಿ ಬಂತು’ ಅಂದುಕೊಂಡಿದ್ದಳು.

ಕಂಪನಿ ಎರಡು ಜಾಕೆಟ್ ಕೊಟ್ಟಿತ್ತು. ಎರಡನೆಯದನ್ನು ಅವಳು ಒಗೆಯಲು ಹಾಕಿದಳು. ಅದೇ ಸೋಪು, ಅಷ್ಟೇ ನೀರು, ಪ್ರತಿ ಸಲವೂ ಹತ್ತು ಸಲ ಉಜ್ಜಿದ ಒಂದು ಬಿಳಿ ತುಂಡು, ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಸಂಖ್ಯೆ. ಮೊದಲ ನೀರು ಕಪ್ಪಗಿತ್ತು. ನಾಲ್ಕನೆಯ ಒಗೆತಕ್ಕೆ ತುಂಡಿನ ಮೇಲೆ ಬರೀ ಛಾಯೆ. ಆರನೆಯದಕ್ಕೆ ಏನೂ ಇಲ್ಲ. ಅವಳಿಗೆ ಹೆಚ್ಚು ಸಿಟ್ಟು ಬರಿಸಿದ್ದು ಅದೇ. ಜಾಕೆಟ್ ಕೆಟ್ಟದ್ದಾಗಿರಲಿಲ್ಲ. ‘ಬಿಳಿಯ ಮೇಲೆ ತೊಡುವ ಮೊದಲು ಆರು ಸಲ ಬೇರೆಯಾಗಿ ಒಗೆಯಿರಿ’ ಎಂದು ಲೇಬಲ್ಲಿನ ಮೇಲೆ ಒಂದು ಸಾಲು ಹಾಕಿದ್ದರೆ ಮುಗಿದುಹೋಗುತ್ತಿತ್ತು.

ಮರುದಿನ ಕ್ಯಾಂಟೀನಿನಲ್ಲಿ ರೇಡಿಯೊಳ ಮುಂದೆ ಆರೂ ತುಂಡುಗಳನ್ನು ಹರಡಿದಳು.

“ಏನೇ ಇದು ಭೂತ, ತಿನ್ನೋ ಜಾಗದಲ್ಲಿ ಚಿಂದಿ?”

ಇವಳು ಎಲ್ಲ ಹೇಳಿದಳು. ರೇಡಿಯೊ ಒಂದು ಕ್ಷಣವೂ ಅಚ್ಚರಿಪಡಲಿಲ್ಲ. ಕಾಫಿ ಲೋಟವನ್ನು ತುಂಡುಗಳಿಂದ ದೂರ ಸರಿಸಿದಳು, ಅಷ್ಟೆ.

“ನಿಂಗೆ ಗೊತ್ತಿತ್ತಾ?”

“ಅಂಗಿ ನಂದಲ್ವೇನೇ? ಮನೆಗೆ ಹೋಗಿ ಬಿಚ್ಚಿದಾಗ ಕಾಣಲ್ವಾ? ಅಮ್ಮ ಎರಡು ದಿನ ಬೈದ್ರು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ನಿಂಗೆ ಹೇಳೋದಾ! ಅಳಿಸ್ತಾ ಕೂತಿದ್ದೋಳು ನೀನು. ಗೊತ್ತಿದ್ದೇ ಅಳಿಸ್ತಿದೀಯ ಅಂದ್ಕೊಂಡೆ. ಪರವಾಗಿಲ್ವೇ, ಭೂತಕ್ಕೂ ಬುದ್ಧಿ ಬಂತು ಅಂತ ಖುಷಿ ಬೇರೆ ಪಟ್ಟೆ.”

ಇವಳು ಚಿಂದಿಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂ ಬಳಿ ಹೋದಳು. ಅವರು ಕನ್ನಡಕವನ್ನು ಹಣೆಗೇರಿಸಿ ತುಂಡುಗಳನ್ನು ನೋಡಿದರು. “ಅಚ್ಚುಕಟ್ಟಾಗಿ ಮಾಡಿದೀಯ. ಆದ್ರೆ ಇದು ನಮ್ಮ ವಿಷಯ ಅಲ್ಲಮ್ಮ. ಬಟ್ಟೆ ಹೇಗಿದೆ ಅನ್ನೋದು ಕೆಳಗಡೆ ಜವಳಿ ವಿಭಾಗದ ಕೆಲಸ. ಬಟ್ಟೆ ಬಗ್ಗೆ ಏನು ಹೇಳ್ತೀವಿ ಅನ್ನೋದು ನಮ್ಮದು. ಇದಕ್ಕೆ ನಾನು ಎಲ್ಲಿ ಅಂತ ಅಂಕ ಹಾಕ್ಲಿ?”

“ಅಂಕಕ್ಕಲ್ಲ ಮೇಡಂ. ನಾವು ಹೇಳ್ತಿರೋದು ಸುಳ್ಳು.”

“ಸುಳ್ಳೇನು ಹೇಳಿದೀರ? ಬಿಳಿಯ ಮೇಲೆ ನೀಲಿ ಅಂದಿದೀರ. ಬಿಳಿಯ ಮೇಲೆ ನೀಲಿ ಬಂದಿದೆ.” ತಮ್ಮ ಮಾತಿಗೆ ತಾವೇ ನಕ್ಕು, ಅವಳು ನಗದಿದ್ದುದನ್ನು ನೋಡಿ, “ಕಂಪನಿಗೆ ಒಂದು ಪತ್ರ ಬರಿ” ಎಂದರು.

ಕೆಳಗೆ ಹೋದರೆ, ಜವಳಿ ವಿಭಾಗದವರು ಮಾರ್ಕೆಟಿಂಗ್ ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿಕೊಡಲು ಮೇಲಿನವರ ಸಹಿ ಬೇಕೆಂದರು. ಮೇಲಿನವರು ಕೆಳಗಿನವರ ಒಪ್ಪಿಗೆ ಬಂದರೆ ಸಹಿ ಹಾಕುವುದಾಗಿ ಹೇಳಿದರು. ಕಂಪನಿಗೆ ಬರೆದ ಪತ್ರಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಬಂತು. ಅದನ್ನು ಬರೆದದ್ದು ಯಾವುದೋ ಯಂತ್ರ. ‘ನಮ್ಮ ಉಡುಪನ್ನು ಮೆಚ್ಚಿದ್ದಕ್ಕೆ ಧನ್ಯವಾದ’ ಎಂದಿತ್ತು.

ಮಂಡನೆಯ ದಿನ ಅವಳು ಮೂವತ್ತೆಂಟು ಕಾಲರುಗಳನ್ನೂ ಒಂದೇ ಪುಟದಲ್ಲಿ ಜೋಡಿಸಿ ಕೊನೆಗೆ ಸೇರಿಸಿದ್ದಳು. ರೇಡಿಯೊ ಇಪ್ಪತ್ತು ನಿಮಿಷ ಹೂವು ಪೋಣಿಸಿದಂತೆ ಮಾತಾಡಿದಳು. ಕೊನೆಯ ಪುಟ ಬರಬೇಕಾದಲ್ಲಿ ‘ಧನ್ಯವಾದಗಳು’ ಎಂದು ಬಂತು. ರೇಡಿಯೊ ಅವಳ ಕಡೆ ನೋಡದೆ ನೀರಿನ ಬಾಟಲಿ ಎತ್ತಿಕೊಂಡಳು.

ಕಂಪನಿಯಿಂದ ಬಂದಿದ್ದ ಪ್ರಚಾರ ವಿಭಾಗದ ಮುಖ್ಯಸ್ಥರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. “ಸರ್, ಇನ್ನೊಂದು ವಿಷಯ ಇದೆ” ಎಂದು ಇವಳು ಎದ್ದಳು. ಪುಟವಿಲ್ಲದೆಯೇ ಹೇಳಿದಳು. ತುಂಡುಗಳನ್ನು ಅವರ ಮೇಜಿನ ಮೇಲೆ ಒಂದರಿಂದ ಆರರವರೆಗೆ ಇಟ್ಟಳು. ಮೇಡಂ ಮಾಡಿನ ಫ್ಯಾನು ನೋಡುತ್ತಾ ಕೂತರು.

ಮುಖ್ಯಸ್ಥರು ಮೊದಲನೆಯ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖ ಅರಳಿತು.

“ಎಷ್ಟು ಪ್ರಾಮಾಣಿಕವಾಗಿದೆ ಇದು! ಇಷ್ಟು ದಿನ ನಾವು ಹುಡುಕ್ತಿದ್ದದ್ದು ಇದನ್ನೇ. ‘ನಾವು ಏನನ್ನೂ ಮುಚ್ಚಿಡುವುದಿಲ್ಲ.’ ಹೇಗಿದೆ? ಬಿಳಿಯ ಮೇಲೆ ನೀಲಿ, ಅದರ ಕೆಳಗೆ ಈ ಸಾಲು.”

“ಹಾಗಾದ್ರೆ ಲೇಬಲ್ ಮೇಲೆ ಒಗೆಯೋ ವಿಷಯ ಹಾಕ್ತೀರಾ ಸರ್?”

“ಲೇಬಲ್ ಆಗ್ಲೇ ಅಚ್ಚಾಗಿ ಹೊಲಿದಾಗಿದೆಯಮ್ಮ. ಹನ್ನೆರಡು ಸಾವಿರ.”

“ಅಂಗಡಿಯಲ್ಲಿ ಒಂದು ಚೀಟಿ?”

“ಕೊಳ್ಳೋಕೆ ಬಂದವರ ಕೈಗೆ ಬಣ್ಣ ಬಿಡುತ್ತೆ ಅಂತ ಚೀಟಿ ಕೊಡೋದಾ?” ಅವರು ಪ್ರೀತಿಯಿಂದಲೇ ನಕ್ಕರು.

“ಮತ್ತೆ ಯಾವುದನ್ನ ಮುಚ್ಚಿಡಲ್ಲ ಸರ್?”

“ಇದೇ, ಈ ಗುಣನೇ ನಮಗೆ ಬೇಕಾಗಿರೋದು” ಎಂದು ಅವರು ಮೇಡಂ ಕಡೆ ತಿರುಗಿದರು. ಈ ಜೋಡಿಯೇ ಗೆದ್ದಿತು. ಕೆಲಸದ ಜಾಗ ಅವಳಿಗೇ.

ವಿಶ್ವವಿದ್ಯಾಲಯದ ನಿಯಮದ ಪ್ರಕಾರ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಕಂಪನಿಗೆ ಕೊಡಲು ಇಬ್ಬರ ಸಹಿಯುಳ್ಳ ಒಪ್ಪಿಗೆ ಪತ್ರ ಬೇಕಿತ್ತು. ಶುಕ್ರವಾರ ಕೊನೆಯ ದಿನ. ಮಂಡನೆಯ ದಿನದ ಸಂಜೆಯೇ ಅವಳು ಅಪ್ಪನ ಮುಂದೆ ಕೂತು, ಸಹಿ ಹಾಕುವುದಿಲ್ಲ ಎಂದಳು. ಅಪ್ಪ ಬೆನ್ನು ತಟ್ಟುತ್ತಾರೆಂದು ಎಲ್ಲೋ ಒಳಗೊಂದು ಆಸೆ ಇದ್ದಿರಬೇಕು.

“ಯಾಕೆ?” ಎಂದರು ಅಪ್ಪ. “ಸಹಿ ಹಾಕಿ ಒಳಗೆ ಹೋಗು. ಮುಂದಿನ ಬಟ್ಟೆಗಾದ್ರೂ ಸರಿಯಾದ ಲೇಬಲ್ ಹಾಕ್ಸು. ಹೊರಗೆ ನಿಂತು ಏನು ಮಾಡ್ತೀಯ?”

“ಅಪ್ಪ, ನೀವೇ ತೋರಿಸಿದ್ದಲ್ವಾ!”

“ತೋರಿಸ್ದೆ. ಕೆಲಸ ಬಿಡು ಅಂದ್ನಾ?”

ಅತ್ತೆ ಬಟ್ಟೆ ಮಡಚುತ್ತಾ, “ಇವಳು ಕೌಂಟರಿಗೆ ಬಂದ್ರೆ ಬಂದೋರಿಗೆಲ್ಲ ಕಲೆ ತೋರಿಸಿ ಪಾಠ ಮಾಡ್ತಾಳೆ. ಇರೋ ಗಿರಾಕಿನೂ ಓಡಿಹೋಗ್ತಾರೆ” ಎಂದರು.

ಅಪ್ಪನ ಮಾತಿನಲ್ಲಿ ತಪ್ಪು ಹುಡುಕಲು ಅವಳು ಎರಡು ದಿನ ಒದ್ದಾಡಿದಳು. ಸಿಗಲಿಲ್ಲ. ಆದರೆ ಚಿತ್ರಗಳನ್ನು ತೆರೆದಾಗಲೆಲ್ಲ ಒಂದು ಸಂಗತಿ ಅಡ್ಡ ಬರುತ್ತಿತ್ತು: ಕಂಪನಿಗೆ ಹೋಗುವುದು ಅವಳ ಅಭಿಪ್ರಾಯವಲ್ಲ, ಅವಳ ಕೈ ಒರೆಸಿದ ಕಾಲರುಗಳು. ಆ ಕಾಲರು ನೋಡಿ ಹನ್ನೆರಡು ಸಾವಿರ ಜನ ತಮ್ಮ ಬಿಳಿ ಅಂಗಿಯ ಮೇಲೆ ಈ ಜಾಕೆಟ್ ತೊಡುತ್ತಾರೆ.

ಶುಕ್ರವಾರ ಕಚೇರಿಯಲ್ಲಿ ಪತ್ರ ತೆಗೆದುಕೊಂಡಳು. ‘ಕೊಡುತ್ತಿರುವ ಕೃತಿಗಳು’ ಎಂಬ ಖಾಲಿ ಜಾಗದಲ್ಲಿ ‘ತಿದ್ದದ ಮೂಲ ಚಿತ್ರಗಳು ಮಾತ್ರ’ ಎಂದು ಬರೆದು ಸಹಿ ಹಾಕಿ ರೇಡಿಯೊಳ ಮುಂದಿಟ್ಟಳು.

ರೇಡಿಯೊ ಓದಿದಳು. ಇನ್ನೊಮ್ಮೆ ಓದಿದಳು.

“ಇದನ್ನ ಅವರು ಮೂಸಿಯೂ ನೋಡಲ್ಲ.”

“ಗೊತ್ತು.”

“ನಿನ್ನ ಕೆಲಸ ನೀನು ಹಾಳು ಮಾಡ್ಕೋ. ನನ್ನ ಹೆಸರು ಹೊರಗೆ ಬರೋದಿತ್ತಲ್ಲೇ! ಅದಕ್ಕೇನು ಹೇಳ್ತೀಯ?”

“ಏನೂ ಹೇಳೋಕಾಗಲ್ಲ ಕಣೇ. ನಿನ್ನ ಸಿಟ್ಟು ಸರಿಯಾಗೇ ಇದೆ.”

“ಹೀಗೆ ಒಪ್ಕೊಂಡ್ಬಿಟ್ರೆ ಜಗಳ ಹೇಗೆ ಆಡೋದು, ದರಿದ್ರ ಭೂತ!” ರೇಡಿಯೊ ಕಾಗದ ಹರಿಯುವ ಹಾಗೆ ಒತ್ತಿ ಸಹಿ ಗೀಚಿ, ಪೆನ್ನನ್ನು ಮೇಜಿನ ಮೇಲೆಸೆದು ಹೊರಟುಹೋದಳು.

ಸೋಮವಾರ ಕಂಪನಿ ಎರಡನೆಯ ಸ್ಥಾನದ ಜೋಡಿಯನ್ನು ಆರಿಸಿಕೊಂಡಿತು. ಅವರ ಪ್ರಚಾರದಲ್ಲಿ ಬಿಳಿ ಅಂಗಿ ಇರಲಿಲ್ಲ, ಹಳದಿ ಇತ್ತು. ಹಳದಿಯ ಮೇಲೆ ಈ ನೀಲಿ ಹತ್ತಿದರೆ ಏನಾಗುತ್ತದೆಂದು ಅವಳು ಯೋಚಿಸಲು ಶುರುಮಾಡಿ, ಬೇಡವೆಂದು ನಿಲ್ಲಿಸಿದಳು.

ಪ್ರಾಜೆಕ್ಟಿನ ಕಡತದಲ್ಲಿ ಚಿತ್ರಗಳ ಭಾಗ ಅವಳ ಪಾಲಿನದು, ಅದರ ಅಂಕವೂ ಅವಳೊಬ್ಬಳದೇ. ಅಲ್ಲಿಯೂ ಮೂಲ ಚಿತ್ರಗಳನ್ನೇ ಹಾಕಿ ಒಪ್ಪಿಸಿದಳು. ಮೂರು ವಾರದ ನಂತರ ಅಂಕ ಬಂದವು. ಚಿತ್ರಗಳಿಗೆ ಇಪ್ಪತ್ತೈದಕ್ಕೆ ಹನ್ನೊಂದು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಷರಾ ಬರೆದಿದ್ದರು: ‘ಕಾಲರ್ ಕೊಳೆಯಾಗಿದೆ. ವಿದ್ಯಾರ್ಥಿನಿ ಗಮನಿಸಿಲ್ಲ.’

ಲಾಂಡ್ರಿಯ ಕೌಂಟರಿನಲ್ಲಿ ಕೂತು ಅವಳು ಅದನ್ನು ನಾಲ್ಕು ಸಲ ಓದಿದಳು. ಎದುರಿಗಿದ್ದ ಗಿರಾಕಿ ತನ್ನ ಚೀಟಿ ಚಾಚಿ ನಿಂತೇ ಇದ್ದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೂರು ವಾರದಿಂದ ಮಾತು ಬಿಟ್ಟಿದ್ದ ರೇಡಿಯೊ.

“ನೋಡ್ದೆಯಾ? ಗಮನಿಸಿಲ್ಲ ಅಂತೆ! ನೀನು! ಗಮನಿಸಿಲ್ಲ ಅಂತೆ ಕಣೇ!” ರೇಡಿಯೊ ನಗುತ್ತಿದ್ದಾಳೋ ಬೈಯುತ್ತಿದ್ದಾಳೋ ತಿಳಿಯುವಂತಿರಲಿಲ್ಲ. “ಮರುಮೌಲ್ಯಮಾಪನಕ್ಕೆ ಹಾಕ್ತೀಯೋ ಇಲ್ವೋ?”

“ಹಾಕ್ತೀನಿ. ಅರ್ಜಿಯಲ್ಲಿ ಕಾರಣಕ್ಕೆ ಎರಡೇ ಸಾಲು ಜಾಗ ಇದೆ.”

“ನಿಂಗೆ ಎಷ್ಟು ಬೇಕು?”

ಅವಳು ಲೆಕ್ಕ ಹಾಕಿದಳು. “ನಾಲ್ಕು ಪುಟ.”

“ಬೇಡ ಮಾರಾಯ್ತಿ, ನೀನು ಬರೀಬೇಡ. ನಂಗೆ ಹೇಳು, ನಾನು ಎರಡು ಸಾಲಲ್ಲಿ ಬರೀತೀನಿ” ಎಂದಳು ರೇಡಿಯೊ. ಇವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಗಿರಾಕಿಯ ಚೀಟಿಯನ್ನು ಕೈಗೆ ತೆಗೆದುಕೊಳ್ಳುತ್ತಾ, ಮೊದಲನೆಯ ಚಿತ್ರದಿಂದ ಹೇಳಲು ಶುರುಮಾಡಿದಳು.